ಶರಣಾದ ಗಾಬ್ಲಿನ್ ಮತ್ತು ಪ್ಯಾಲಡಿನ್‌ನ ಕಟ್ಟಳೆ

ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅದನ್ನು ಆಡುವವರ ಮಧ್ಯೆ ಐವತ್ತು ವರ್ಷಗಳಿಂದ ಬಗೆಹರಿಯದ ತಕರಾರು ಒಂದಿದೆ. ಕಳ್ಳನ ಪಾತ್ರದವನು ಸಂತೆಯಲ್ಲಿ ನಾಲ್ಕು ಜನರ ಜೇಬು ಕತ್ತರಿಸಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮಂತ್ರವಾದಿ ಛತ್ರದೊಳಗೆ ಬೆಂಕಿಯುಂಡೆ ಎಸೆದರೆ ನಕ್ಕು ಮುಂದೆ ಸಾಗುತ್ತಾರೆ. ಆದರೆ ವ್ರತ ಹಿಡಿದ ಧರ್ಮಯೋಧ, ಅಂದರೆ ಪ್ಯಾಲಡಿನ್, ಕಾವಲುಗಾರನಿಗೆ ಒಂದು ಸಣ್ಣ ಸುಳ್ಳು ಹೇಳಿದನೋ, ಆಟ ಅಲ್ಲಿಗೆ ನಿಂತಿತು. ದಾಳ ಕೈಬಿಟ್ಟು ಎಲ್ಲರೂ ಧರ್ಮಶಾಸ್ತ್ರಜ್ಞರಾಗುತ್ತಾರೆ. ಅರ್ಧ ಗಂಟೆಯ ಚರ್ಚೆ, ಆಮೇಲೆ ಇಬ್ಬರ ಮುಖ ಸಪ್ಪೆ, ಮುಂದಿನ ವಾರ ಒಬ್ಬರು ಬರುವುದಿಲ್ಲ.

ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ, ಒಳ್ಳೆಯದು ಕೆಟ್ಟದ್ದರ ಬಗ್ಗೆ ಒಬ್ಬೊಬ್ಬರ ಕಲ್ಪನೆ ಒಂದೊಂದು ಎಂಬುದು. ನಿಜ ಇರಬಹುದು, ಆದರೆ ಅಷ್ಟಕ್ಕೇ ಜಗಳ ಆಗುವುದಾದರೆ ಕ್ಲೆರಿಕ್ ಪಾತ್ರದ ಸುತ್ತಲೂ ಆಗಬೇಕಿತ್ತು. ಅವನೂ ದೇವರ ಸೇವಕನೇ, ಅವನ ಶಕ್ತಿಯೂ ಮೇಲಿನಿಂದಲೇ ಬಂದದ್ದು. ಅವನ ಮೇಲೆ ಈ ಪರಿಯ ವಿಚಾರಣೆ ನಡೆಯುವುದು ತೀರಾ ಅಪರೂಪ. ಹಾಗಾಗಿ ತೊಂದರೆ ಇರುವುದು ನೀತಿಯಲ್ಲಲ್ಲ, ಕಟ್ಟಳೆಯನ್ನು ಬರೆದ ರೀತಿಯಲ್ಲಿ ಎನ್ನುವುದು ನನ್ನ ವಾದ. ಅದನ್ನು ಹೇಳಲು ಎಲ್ಲ ಮೇಜುಗಳಲ್ಲೂ ಒಂದಲ್ಲ ಒಂದು ದಿನ ನಡೆದೇ ನಡೆಯುವ ಪ್ರಸಂಗದಿಂದಲೇ ಹೊರಡಬೇಕು.

ಗುಹೆಯ ಬಾಯಲ್ಲಿ

ನಿಯಮ 3.5 ಆವೃತ್ತಿಯದು, ಅಂದರೆ 2003ರದ್ದು. ಐದನೇ ಲೆವೆಲ್‌ನ, ಅಂದರೆ ಅನುಭವದ ಐದನೇ ಮೆಟ್ಟಿಲಿನ, ನಾಲ್ವರು ಒಂದು ಗುಹೆಯನ್ನು ಖಾಲಿ ಮಾಡಿದ್ದಾರೆ. ಉಳಿದ ಒಂದು ಗಾಬ್ಲಿನ್ (ಗಿಡ್ಡ ರಕ್ಕಸ ಜೀವಿ) ಕತ್ತಿ ಬಿಸಾಕಿ ಕೈ ಎತ್ತುತ್ತದೆ. ಮಾಹಿತಿ ಕೇಳುತ್ತಾರೆ, ಅದು ಕೊಡುತ್ತದೆ. ಆಮೇಲೇನು? ಕಳ್ಳ ಹೇಳುತ್ತಾನೆ, ಮುಗಿಸಿಬಿಡೋಣ, ಬಿಟ್ಟರೆ ಹೋಗಿ ಊರೆಲ್ಲ ಎಬ್ಬಿಸುತ್ತೆ. ಎಲ್ಲರೂ ಪ್ಯಾಲಡಿನ್ ಕಡೆ ನೋಡುತ್ತಾರೆ.

ಪ್ಯಾಲಡಿನ್ ಪುಸ್ತಕ ತೆರೆದರೆ ಅಲ್ಲಿರುವುದು ಇಷ್ಟು: ನ್ಯಾಯಬದ್ಧ ಅಧಿಕಾರಕ್ಕೆ ಗೌರವ ಕೊಡಬೇಕು, ಸುಳ್ಳು, ಮೋಸ, ವಿಷ ಇವುಗಳ ಗೊಡವೆಗೆ ಹೋಗದೆ ಮರ್ಯಾದೆಯಿಂದ ನಡೆಯಬೇಕು, ಕಷ್ಟದಲ್ಲಿರುವವರಿಗೆ ನೆರವಾಗಬೇಕು, ಆ ನೆರವನ್ನು ಅವರು ಕೇಡಿಗೆ ಬಳಸದಿದ್ದರೆ, ಮುಗ್ಧರನ್ನು ಹಿಂಸಿಸುವವರನ್ನು ಶಿಕ್ಷಿಸಬೇಕು. ಇವಕ್ಕೆಲ್ಲ ಮೇಲೆ, ಬೇಕೆಂದೇ ಒಂದೇ ಒಂದು ದುಷ್ಟ ಕೆಲಸ ಮಾಡಿದರೂ ಎಲ್ಲ ಶಕ್ತಿ ಹೋಗುತ್ತದೆ. ಈಗ ಗಾಬ್ಲಿನ್‌ನ ಲೆಕ್ಕ ಹಾಕಿ. ಅದು ಹಳ್ಳಿ ಸುಟ್ಟ ಗುಂಪಿನದು, ಆದ್ದರಿಂದ ಶಿಕ್ಷೆ ಆಗಬೇಕು. ಶರಣಾಗಿದೆ, ಆದ್ದರಿಂದ ಕೊಲ್ಲುವುದು ಮರ್ಯಾದೆಯಲ್ಲ. ಅಧಿಕಾರಕ್ಕೆ ಒಪ್ಪಿಸಬೇಕೆಂದರೆ ಊರು ಮೂರು ದಿನದ ದಾರಿ. ಬಿಟ್ಟುಬಿಟ್ಟರೆ ಮತ್ತೊಂದು ಹಳ್ಳಿಗೆ ಹೋಗಬಹುದು. ನಾಲ್ಕೂ ಸಾಲು ನಾಲ್ಕು ದಿಕ್ಕಿಗೆ ಎಳೆಯುತ್ತವೆ, ಯಾವುದು ಮೊದಲು ಯಾವುದು ಆಮೇಲೆ ಎಂದು ಪುಸ್ತಕ ಹೇಳುವುದಿಲ್ಲ. ‘ದುಷ್ಟ ಕೆಲಸ’ ಯಾವುದೆಂದು ಆ ಪುಟ ಬಿಡಿಸಿ ಹೇಳುವುದೂ ಇಲ್ಲ. ಅಷ್ಟು ಸಾಲದೆಂಬಂತೆ ಅದೇ ಆವೃತ್ತಿಯ ಶತ್ರುಜೀವಿಗಳ ಕೈಪಿಡಿ ‘ಮಾನ್‌ಸ್ಟರ್ ಮ್ಯಾನ್ಯುಯಲ್’, ಗಾಬ್ಲಿನ್‌ಗಳು ‘ಸಾಮಾನ್ಯವಾಗಿ’ ದುಷ್ಟರು ಎನ್ನುತ್ತದೆ, ಓರ್ಕ್‌ಗಳು ‘ಹಲವು ಸಲ’ ದುಷ್ಟರು ಎನ್ನುತ್ತದೆ. ಈ ಮಾತುಗಳಿಗೆ ಅಲ್ಲೇ ಅಳತೆಯೂ ಇದೆ: ಮೊದಲನೆಯದು ಅರ್ಧಕ್ಕಿಂತ ಹೆಚ್ಚು, ಎರಡನೆಯದು ನೂರಕ್ಕೆ 40ರಿಂದ 50. ಅಂದರೆ ಎದುರಿಗೆ ಸಿಕ್ಕ ಓರ್ಕ್ ಆ ಹಣೆಪಟ್ಟಿಗೆ ಸೇರದವನಾಗಿರುವ ಸಾಧ್ಯತೆಯೇ ಹೆಚ್ಚು. ಇದನ್ನು ಓದಿದ ಆಟಗಾರರು ಬಹಳ ಇಲ್ಲ.

ತೀರ್ಪು ತಪ್ಪಿದರೆ ಏನು ಹೋಗುತ್ತದೆ ಅನ್ನುವುದನ್ನೂ ನೋಡಬೇಕು, ಏಕೆಂದರೆ ಆಟಗಾರನ ದನಿ ಏರುವುದಕ್ಕೆ ಕಾರಣ ಇರುವುದೇ ಅಲ್ಲಿ. ಐದನೇ ಲೆವೆಲ್‌ನ ಪ್ಯಾಲಡಿನ್ ಬಿದ್ದರೆ, ಅಂದರೆ ಪದವಿ ಕಳೆದುಕೊಂಡರೆ, ದಿನಕ್ಕೆ ಎರಡು ಸಲದ ಸ್ಮೈಟ್ (ದುಷ್ಟರ ಮೇಲಿನ ಹೆಚ್ಚು ಬಲದ ಏಟು), ಎಲ್ಲ ಸೇವಿಂಗ್ ಥ್ರೋಗಳಿಗೂ (ಅಪಾಯದಿಂದ ಪಾರಾಗಲು ಉರುಳಿಸುವ ದಾಳ) ಕೂಡುತ್ತಿದ್ದ ಕರಿಸ್ಮಾ, ಅಂದರೆ ವ್ಯಕ್ತಿತ್ವದ ಸೆಳೆತದ ಬೋನಸ್, ಕೈ ಇಟ್ಟು ಗಾಯ ಮಾಯಿಸುವ ಶಕ್ತಿ, ಭಯಕ್ಕೂ ರೋಗಕ್ಕೂ ಇದ್ದ ತಡೆ, ಪ್ರೇತಗಳನ್ನು ಓಡಿಸುವ ಶಕ್ತಿ, ಆಗಷ್ಟೇ ಬಂದ ಕುದುರೆ ಎಲ್ಲವೂ ಹೋಗುತ್ತವೆ. ಉಳಿಯುವುದು ಕತ್ತಿ, ಕವಚ, ಪ್ರಾಣಬಲ ನಿರ್ಧರಿಸುವ ಹತ್ತು ಮುಖದ ಹಿಟ್ ಡೈ. ಅದೇ ಲೆವೆಲ್‌ನ ಫೈಟರ್‌ಗೆ, ಅಂದರೆ ಸಾಮಾನ್ಯ ಯೋಧನಿಗೆ, ಮೂರು ಹೆಚ್ಚುವರಿ ಫೀಟ್‌ಗಳಿರುತ್ತವೆ (ವಿಶೇಷ ಪಟ್ಟುಗಳು), ಇವನಿಗೆ ಅವೂ ಇಲ್ಲ. ಮರಳಿ ಪಡೆಯಬೇಕೆಂದರೆ ‘ಅಟೋನ್‌ಮೆಂಟ್’ ಮಂತ್ರ ಆಗಬೇಕು. ಅದು ಐದನೇ ದರ್ಜೆಯ ಮಂತ್ರ, ಹಾಕಲು ಒಂಬತ್ತನೇ ಲೆವೆಲ್‌ನ ಕ್ಲೆರಿಕ್ ಬೇಕು, ಒಂದು ಗಂಟೆ ಹಿಡಿಯುತ್ತದೆ. ಬೇಕೆಂದೇ ಮಾಡಿದ ತಪ್ಪಾದರೆ ಹಾಕುವವನ ಅನುಭವದಲ್ಲಿ 500 ಅಂಕ ಕರಗುತ್ತದೆ. ದುಡ್ಡು ಕೊಟ್ಟು ಮಾಡಿಸಿದರೆ ಪುಸ್ತಕದ ದರದಂತೆ ಮಂತ್ರಕ್ಕೆ 450, ಕರಗಿದ ಅನುಭವಕ್ಕೆ 2,500, ಒಟ್ಟು 2,950 ಚಿನ್ನದ ನಾಣ್ಯ. ಐದನೇ ಲೆವೆಲ್‌ನ ಪಾತ್ರದ ಬಳಿ ಇರಬೇಕಾದ ಒಟ್ಟು ಆಸ್ತಿಯೇ 9,000. ಒಂದು ಗಾಬ್ಲಿನ್‌ಗೆ ಆಸ್ತಿಯ ಮೂರನೇ ಒಂದು ಪಾಲು. ಈ ಪಾಲನ್ನು ತೀರ್ಮಾನಿಸುವುದು ಮೇಜಿನ ಆ ತುದಿಯಲ್ಲಿ ಕೂತು ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಒಬ್ಬರ ಅಭಿಪ್ರಾಯ. ಜಗಳ ಆಗದೆ ಇನ್ನೇನಾಗುತ್ತದೆ?

ಇನ್ನೊಂದು ಸೂಕ್ಷ್ಮವಿದೆ. 1981ರ ಬೇಸಿಕ್ ಆವೃತ್ತಿಯಲ್ಲಿ ಪ್ರತಿ ಪ್ರಾಣಿಗೂ ಎರಡರಿಂದ ಹನ್ನೆರಡರವರೆಗಿನ ಧೈರ್ಯದ ಅಂಕಿ ಇರುತ್ತಿತ್ತು. ಎರಡು ದಾಳ ಉರುಳಿಸಿ ಅದಕ್ಕಿಂತ ಹೆಚ್ಚು ಬಿದ್ದರೆ ಶತ್ರು ಓಡುತ್ತಿದ್ದ ಅಥವಾ ಶರಣಾಗುತ್ತಿದ್ದ. ಮೂರನೇ ಆವೃತ್ತಿಯ ಮೂಲ ನಿಯಮದಲ್ಲಿ ಅದು ಇಲ್ಲ, ಶರಣಾಗತಿ ಪೂರ್ತಿ ಡಿಎಂ ಕೈಯಲ್ಲಿ. ದಾಳ ಉರುಳಿ ಗಾಬ್ಲಿನ್ ಶರಣಾದರೆ ಅದು ಯುದ್ಧದಲ್ಲಿ ಆಗುವ ಒಂದು ಘಟನೆ. ಇಪ್ಪತ್ತು ಗಾಬ್ಲಿನ್‌ಗಳು ಸಾಯುವ ತನಕ ಹೊಡೆದಾಡಿ ಇಪ್ಪತ್ತೊಂದನೆಯದು ಮಾತ್ರ ಪ್ಯಾಲಡಿನ್ ಎದುರಲ್ಲೇ ಮಂಡಿಯೂರಿದರೆ ಅದು ಪರೀಕ್ಷೆ. ಆಟಗಾರರಿಗೆ ಆ ವಾಸನೆ ತಕ್ಷಣ ಬಡಿಯುತ್ತದೆ.

ಎಣಿಸಬಹುದಾದ ಸಾಲುಗಳು

ಪ್ಯಾಲಡಿನ್ ಮೊದಲು ಕಾಣಿಸಿಕೊಂಡದ್ದು 1975ರಲ್ಲಿ, ಗ್ಯಾರಿ ಗೈಗ್ಯಾಕ್ಸ್ ಮತ್ತು ರಾಬ್ ಕುಂಟ್ಜ್ ಬರೆದ ಗ್ರೇಹಾಕ್ ಪುರವಣಿಯಲ್ಲಿ. ಷಾರ್ಲಮೇನ್ ಚಕ್ರವರ್ತಿಯ ವೀರರ ಕಥೆಗಳು ಹಿನ್ನೆಲೆಯಲ್ಲಿ ಇದ್ದೇ ಇವೆ. ಆದರೆ ಆಟದ ಪ್ಯಾಲಡಿನ್‌ಗೆ ನೇರ ಅಚ್ಚು ಪೋಲ್ ಆಂಡರ್ಸನ್ ಬರೆದ ‘ಥ್ರೀ ಹಾರ್ಟ್ಸ್ ಅಂಡ್ ಥ್ರೀ ಲಯನ್ಸ್’ ಕಾದಂಬರಿ. ನಿಯಮ ಮತ್ತು ಅರಾಜಕತೆಯ ಮಧ್ಯದ ಯುದ್ಧ ಎಂಬ ಕಲ್ಪನೆಗೂ ಅದೊಂದು ಮೂಲ. ಆಗ ಕರಿಸ್ಮಾ 17 ಅಥವಾ ಹೆಚ್ಚು ಇದ್ದವನಿಗೆ ಮಾತ್ರ ಈ ಪಾತ್ರ. ಮೂರು ದಾಳ ಉರುಳಿಸಿದರೆ 17 ಅಥವಾ 18 ಬೀಳುವುದು 216ಕ್ಕೆ ನಾಲ್ಕು ಸಲ. ಅಂಥ ಅಪರೂಪದ ಪಾತ್ರಕ್ಕೆ ಅಂಥದ್ದೇ ಕಠಿಣ ಷರತ್ತು: ಒಂದು ಅರಾಜಕ ಕೆಲಸ ಮಾಡಿದರೆ ಪದವಿ ಹೋಯಿತು, ಇನ್ನು ಬರುವುದಿಲ್ಲ.

1978ರ ಅಡ್ವಾನ್ಸ್ಡ್ ಆವೃತ್ತಿಯ ಪುಟದಲ್ಲಿ ಇದರ ಜೊತೆ ಬೇರೊಂದು ಜಾತಿಯ ನಿಯಮಗಳು ಸಾಲಾಗಿ ನಿಂತಿವೆ. ಪ್ಯಾಲಡಿನ್ ಬಳಿ ಹತ್ತಕ್ಕಿಂತ ಹೆಚ್ಚು ಮಾಂತ್ರಿಕ ವಸ್ತು ಇರಬಾರದು: ಒಂದು ಕವಚ, ಒಂದು ಗುರಾಣಿ, ನಾಲ್ಕು ಆಯುಧ, ಇತರೆ ನಾಲ್ಕು. ಬಂದ ಆದಾಯದಲ್ಲಿ ಹತ್ತನೇ ಒಂದು ಭಾಗವನ್ನು ಕೂಡಲೇ ದಾನ ಮಾಡಬೇಕು, ಅದೂ ಧಾರ್ಮಿಕ ಸಂಸ್ಥೆಗೆ. ಜೊತೆಗೆ ಆಡುತ್ತಿರುವ ಕ್ಲೆರಿಕ್ ಗೆಳೆಯನಿಗೆ ಕೊಟ್ಟರೆ ಲೆಕ್ಕಕ್ಕಿಲ್ಲ. (ಈ ಕೊನೆಯ ಮಾತು ಪುಸ್ತಕಕ್ಕೆ ಹೇಗೆ ಬಂತು ಎಂದು ಊಹಿಸುವುದು ಕಷ್ಟವಲ್ಲ, ಯಾರೋ ಒಬ್ಬರು ಆ ಕೆಲಸ ಮಾಡಿಯೇ ಇರಬೇಕು.) ಸರಳವಾಗಿ ಬದುಕಲು, ಆಳುಗಳಿಗೆ ಸಂಬಳ ಕೊಡಲು, ಒಂದು ಸಣ್ಣ ಕೋಟೆ ಕಟ್ಟಲು ಬೇಕಾದಷ್ಟು ಮಾತ್ರ ಇಟ್ಟುಕೊಳ್ಳಬೇಕು. ಸೇವೆಗೆ ಲಾಫುಲ್ ಗುಡ್ (ನಿಯಮಕ್ಕೂ ಒಳಿತಿಗೂ ಬದ್ಧರಾದ) ಜನ ಮಾತ್ರ. ತಟಸ್ಥರು ಇರುವ ತಂಡದ ಜೊತೆ ಒಂದೇ ಒಂದು ದಂಡಯಾತ್ರೆಗೆ ಹೋಗಬಹುದು, ಅದೂ ಸದುದ್ದೇಶ ಇದ್ದರೆ.

ಇಲ್ಲೊಂದು ವಿಷಯ ಗಮನಿಸಿ. ಹತ್ತು ವಸ್ತುವಿನ ಮಿತಿಯ ಬಗ್ಗೆ ಯಾರಾದರೂ ಕಿತ್ತಾಡಿದ್ದು ಕೇಳಿದ್ದೀರಾ? ಹನ್ನೊಂದನೆಯ ಉಂಗುರ ಸಿಕ್ಕರೆ ಒಂದನ್ನು ಬಿಡಬೇಕು, ಅಷ್ಟೇ. ಯಾವುದನ್ನು ಬಿಡುವುದು, ಯಾರಿಗೆ ಕೊಡುವುದು ಎಂದು ಆಟಗಾರ ಐದು ನಿಮಿಷ ಯೋಚಿಸುತ್ತಾನೆ. ಆ ಐದು ನಿಮಿಷದಲ್ಲಿ ಅವನು ನಿಜವಾಗಿ ಪ್ಯಾಲಡಿನ್ ಆಗಿರುತ್ತಾನೆ. ದಶಾಂಶ ದಾನವೂ ಹಾಗೆಯೇ. 4,000 ನಾಣ್ಯ ಪಾಲಿಗೆ ಬಂದರೆ 400 ಹೋಯಿತು. ತೀರ್ಪುಗಾರ ಬೇಡ, ಗುಣಾಕಾರ ಗೊತ್ತಿದ್ದರೆ ಸಾಕು. ಜಗಳ ಆದದ್ದೆಲ್ಲ ‘ದುಷ್ಟ ಕೆಲಸ’, ‘ಅರಾಜಕ ಕೆಲಸ’ ಎಂಬ ಎಣಿಕೆಗೆ ಸಿಗದ ಸಾಲುಗಳ ಸುತ್ತ. ಅದರಲ್ಲೂ 1978ರ ಪುಸ್ತಕ ಎರಡು ಮಟ್ಟ ಮಾಡಿತ್ತು ಎನ್ನುವುದನ್ನು ಮರೆಯುತ್ತೇವೆ. ತಿಳಿದೂ ಅರಾಜಕ ಕೆಲಸ ಮಾಡಿದರೆ ಏಳನೇ ಅಥವಾ ಅದಕ್ಕೂ ಮೇಲಿನ ಲೆವೆಲ್‌ನ ಲಾಫುಲ್ ಗುಡ್ ಕ್ಲೆರಿಕ್ ಬಳಿ ಹೋಗಿ ತಪ್ಪೊಪ್ಪಿಕೊಂಡು ಅವನು ಹೇಳಿದ ಪ್ರಾಯಶ್ಚಿತ್ತ ಮಾಡಬೇಕು. ತಿಳಿದು ಬೇಕೆಂದೇ ದುಷ್ಟ ಕೆಲಸ ಮಾಡಿದರೆ ಮಾತ್ರ ಶಾಶ್ವತವಾಗಿ ಫೈಟರ್.

ನಿಜವಾದ ಯೋಧ ಸನ್ಯಾಸಿಗಳ ಕಟ್ಟಳೆ ಹೇಗಿತ್ತು ಎಂದು ನೋಡಿದರೆ ಈ ಮಾತು ಇನ್ನೂ ಗಟ್ಟಿಯಾಗುತ್ತದೆ. ಟೆಂಪ್ಲರ್ ಪಂಥದ ನಿಯಮಾವಳಿ 1129ರಲ್ಲಿ ಟ್ರುವಾ ಊರಿನ ಧರ್ಮಸಭೆಯಲ್ಲಿ ರೂಪುಗೊಂಡಿತು. ಅದರಲ್ಲಿ ಉಪದೇಶ ಇದೆ, ಆದರೆ ಪುಟ ತುಂಬಿರುವುದು ಸಣ್ಣಪುಟ್ಟ ಲೆಕ್ಕಾಚಾರ. ಒಬ್ಬ ನೈಟ್‌ಗೆ ಮೂರು ಕುದುರೆ, ಒಬ್ಬ ಸಹಾಯಕ. ಕಡಿವಾಣಕ್ಕೆ, ರಿಕಾಪಿಗೆ ಬೆಳ್ಳಿಬಂಗಾರ ಬೇಡ. ಚೂಪು ಮೂತಿಯ ಜೋಡು, ಜೋಡಿಗೆ ದಾರ ಬೇಡ. ಬೇಟೆ ನಿಷಿದ್ಧ, ಸಿಂಹದ ಹೊರತು. ಕಾಲಕ್ರಮೇಣ ಫ್ರೆಂಚ್ ಭಾಷೆಯಲ್ಲಿ ಸೇರಿದ ಭಾಗಗಳಲ್ಲಿ ಶಿಕ್ಷೆಗಳೂ ಮೆಟ್ಟಿಲು ಮೆಟ್ಟಿಲಾಗಿವೆ: ಕೆಲವು ತಪ್ಪಿಗೆ ಪಂಥದಿಂದಲೇ ಹೊರಗೆ, ಕೆಲವಕ್ಕೆ ಒಂದು ವರ್ಷ ಒಂದು ದಿನ ನಿಲುವಂಗಿ ಕಳೆದುಕೊಂಡು ನೆಲದ ಮೇಲೆ ಕೂತು ಊಟ, ಕೆಲವಕ್ಕೆ ವಾರದಲ್ಲಿ ಇಷ್ಟು ದಿನ ಉಪವಾಸ. ಸಾವಿರಾರು ಆಯುಧಧಾರಿಗಳನ್ನು ಸಂಭಾಳಿಸಬೇಕಾದವರಿಗೆ ‘ಒಳ್ಳೆಯವನಾಗಿರು’ ಎಂಬ ಒಂದು ಸಾಲಿನಿಂದ ಕೆಲಸ ನಡೆಯುವುದಿಲ್ಲ ಎಂಬುದು ಗೊತ್ತಿತ್ತು.

2000ದಲ್ಲಿ ಮೂರನೇ ಆವೃತ್ತಿ ಬಂದಾಗ ಆದದ್ದು ಇದರ ತಿರುಗುಮುರುಗು. ಹತ್ತು ವಸ್ತುವಿನ ಮಿತಿ ಹೋಯಿತು, ದಶಾಂಶ ಹೋಯಿತು, ಸರಳ ಬದುಕು ಹೋಯಿತು. ಕಾರಣ ಊಹಿಸಬಹುದು: ಈ ಆವೃತ್ತಿಯಲ್ಲಿ ಪ್ರತಿ ಲೆವೆಲ್‌ಗೂ ಇಷ್ಟು ಆಸ್ತಿ ಇರಬೇಕೆಂಬ ಪಟ್ಟಿ ಇದೆ, ಶತ್ರುಗಳ ಬಲ ಆ ಪಟ್ಟಿಗೆ ಹೊಂದಿಕೊಂಡಿದೆ, ದಾನ ಮಾಡಿದವನು ಹದಿನೈದನೇ ಲೆವೆಲ್‌ನಲ್ಲಿ ಹೊಡೆತ ತಿನ್ನುತ್ತಾನೆ. ಸರಿಯೇ. ಆದರೆ ತೆಗೆಯಬಾರದ್ದನ್ನು ತೆಗೆದು, ತೆಗೆಯಬೇಕಾದ್ದನ್ನು ಉಳಿಸಿಕೊಂಡರು. ಜಗಳವಿಲ್ಲದ ಸಾಲುಗಳು ಮಾಯವಾದವು, ಜಗಳದ ಸಾಲುಗಳಷ್ಟೇ ನಿಂತವು, ಎರಡು ಮಟ್ಟದ ಶಿಕ್ಷೆ ಒಂದೇ ಆಯಿತು.

ಕೆಡುಕು ಕಾಣುವ ಕಣ್ಣು

ಇದೇ ಆವೃತ್ತಿಯ ಇನ್ನೊಂದು ಉಪದ್ರವ, ಕೆಡುಕನ್ನು ಪತ್ತೆಮಾಡುವ ಪ್ಯಾಲಡಿನ್‌ನ ಶಕ್ತಿ, ಡಿಟೆಕ್ಟ್ ಈವಿಲ್. ಎಷ್ಟು ಸಲ ಬೇಕಾದರೂ ಬಳಸಬಹುದು. 60 ಅಡಿ ಶಂಕುವಿನಾಕಾರ. ಮೊದಲ ಸುತ್ತಿನಲ್ಲಿ ಕೆಡುಕು ಇದೆಯೋ ಇಲ್ಲವೋ, ಎರಡನೆಯದರಲ್ಲಿ ಎಷ್ಟು ಮಂದಿ ಮತ್ತು ಅತಿ ಗಾಢವಾದದ್ದರ ಬಲವೆಷ್ಟು, ಮೂರನೆಯದರಲ್ಲಿ ಯಾರು ಎಲ್ಲಿ. ಹದಿನೆಂಟು ಸೆಕೆಂಡಿನಲ್ಲಿ ಸಂತೆಯ ಒಂದು ಮೂಲೆಯ ಪಾಪಿಗಳ ಪಟ್ಟಿ ಸಿದ್ಧ. ಹೊಸಬರು ಇಲ್ಲಿ ಎಡವುತ್ತಾರೆ: ಹೊಳೆಯಿತು, ಆದ್ದರಿಂದ ಕಡಿ. ಬಡ್ಡಿಯಲ್ಲಿ ಹಿಂಡುವ ದಿನಸಿ ಅಂಗಡಿಯವನ ಅಲೈನ್‌ಮೆಂಟ್ (ಪಾತ್ರದ ನೈತಿಕ ಒಲವಿನ ಹಣೆಪಟ್ಟಿ) ಕೂಡ ದುಷ್ಟ ಎಂದೇ ಇರಬಹುದು. ಅದು ಅಪರಾಧವಲ್ಲ, ಸ್ವಭಾವ. ಸ್ವಭಾವಕ್ಕೆ ಗಲ್ಲು ಹಾಕುವುದು ಯಾವ ನ್ಯಾಯಬದ್ಧ ಅಧಿಕಾರಕ್ಕೂ ಒಪ್ಪಿಗೆಯಾಗುವಂಥದ್ದಲ್ಲ, ಹಾಗೆ ಮಾಡಿದ ಪ್ಯಾಲಡಿನ್ ಸ್ವತಃ ಬೀಳುತ್ತಾನೆ. 3.5ರ ನಿಯಮಗಳಿಂದಲೇ ಬೆಳೆದ ಇನ್ನೊಂದು ಆಟ, 2009ರ ಪಾತ್‌ಫೈಂಡರ್, ಇದನ್ನು ಸದ್ದಿಲ್ಲದೆ ಸರಿಮಾಡಿತು. ನಾಲ್ಕು ಅಥವಾ ಕಡಿಮೆ ಹಿಟ್ ಡೈ ಇರುವ ಸಾಧಾರಣ ಜೀವಿಗಳು ಆ ಕಣ್ಣಿಗೆ ಕಾಣುವುದೇ ಇಲ್ಲ. ಸಣ್ಣ ಬದಲಾವಣೆ, ಆದರೆ ಅಂಗಡಿಯವನು ಬಚಾವಾದ.

ಶಿಕ್ಷೆ ತೆಗೆದರೆ

2008ರ ನಾಲ್ಕನೇ ಆವೃತ್ತಿ ಗಂಟನ್ನು ಕತ್ತರಿಸಿಯೇ ಹಾಕಿತು. ದೀಕ್ಷೆ ಪಡೆದವನು ಕೊನೆತನಕ ಪ್ಯಾಲಡಿನ್. ದಾರಿ ತಪ್ಪಿದರೆ ಅವನ ಧರ್ಮದವರೇ ಬಂದು ವಿಚಾರಿಸಿಕೊಳ್ಳಲಿ, ಶಕ್ತಿ ಮಾತ್ರ ಹೋಗುವುದಿಲ್ಲ. ಕಥೆಗೆ ಇದು ಕೆಟ್ಟ ಉಪಾಯವೇನಲ್ಲ, ಬೆನ್ನುಹತ್ತಿದ ಹಳೆಯ ಸಹಯೋಧರು ಒಳ್ಳೆಯ ಖಳರಾಗುತ್ತಾರೆ. ಆದರೂ ಜನರಿಗೆ ಏನೋ ಕಳೆದುಹೋದಂತೆ ಅನ್ನಿಸಿತು.

2014ರ ಐದನೆಯದು ಶಪಥಗಳನ್ನು ತಂದಿತು. ಮೂರನೇ ಲೆವೆಲ್‌ನಲ್ಲಿ ಆಟಗಾರನೇ ಒಂದನ್ನು ಆರಿಸಿಕೊಳ್ಳುತ್ತಾನೆ: ಡಿವೋಶನ್ (ನಿಷ್ಠೆ), ಏನ್ಶಂಟ್ಸ್ (ಪ್ರಾಚೀನರು), ವೆಂಜನ್ಸ್ (ಸೇಡು). ಲಾಫುಲ್ ಗುಡ್ ಕಡ್ಡಾಯ ಹೋಯಿತು. ತಪ್ಪಿದವನು ತನ್ನ ಧರ್ಮದ ಕ್ಲೆರಿಕ್ ಬಳಿಯೋ ಅದೇ ಪಂಥದ ಇನ್ನೊಬ್ಬ ಪ್ಯಾಲಡಿನ್ ಬಳಿಯೋ ಹೋಗಿ, ರಾತ್ರಿಯೆಲ್ಲ ಜಾಗರಣೆಯನ್ನೋ ಉಪವಾಸವನ್ನೋ ಮಾಡಿ ಮತ್ತೆ ಶುರುಮಾಡಬಹುದು. ಬೇಕೆಂದೇ ಮುರಿದು, ಪಶ್ಚಾತ್ತಾಪದ ಸುಳಿವೂ ಇಲ್ಲದವನಿಗೆ ಮಾತ್ರ, ಡಿಎಂ ಮನಸ್ಸು ಮಾಡಿದರೆ, ಬೇರೆ ವರ್ಗ ಅಥವಾ ಓತ್‌ಬ್ರೇಕರ್ (ಶಪಥ ಮುರಿದವನು) ದಾರಿ. ಆರಿಸಿಕೊಂಡ ಕಟ್ಟಳೆ ಹೇರಿದ ಕಟ್ಟಳೆಗಿಂತ ಹಗುರ ಅನ್ನುವುದರಲ್ಲಿ ಸಂಶಯವಿಲ್ಲ, ಜಗಳ ಕಡಿಮೆಯಾಗಿದೆ. ಆದರೆ ಸಾಲುಗಳನ್ನು ಓದಿ. ಡಿವೋಶನ್ ಎಂದರೆ ಪ್ರಾಮಾಣಿಕತೆ, ಧೈರ್ಯ, ಕರುಣೆ, ಗೌರವ, ಕರ್ತವ್ಯ. ಶಾಲೆಯ ಗೋಡೆಯ ಮೇಲೆ ಬರೆದಂತಿದೆ. ವೆಂಜನ್ಸ್‌ನ ಒಂದು ಸಾಲು, ಗುರಿ ಮುಟ್ಟಲು ಯಾವ ದಾರಿಯಾದರೂ ಸರಿ ಎನ್ನುತ್ತದೆ. ಇದನ್ನು ಮುರಿಯುವುದಾದರೂ ಹೇಗೆ? ಮುರಿಯಲು ಬಾರದ ಮಾತಿಗೆ ಶಪಥದ ಹೆಸರು ಯಾಕೆ ಬೇಕು ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ.

ಕರುಣೆಯ ಬೆಲೆಯೂ ಇಲ್ಲಿ ಬದಲಾಗಿದೆ. 3.5ರಲ್ಲಿ ಕತ್ತಿಯಿಂದ ಕೊಲ್ಲದೆ ಹೊಡೆಯಬೇಕೆಂದರೆ ದಾಳಿಯ ದಾಳದಲ್ಲಿ ನಾಲ್ಕು ಕಡಿತ. ಉಳಿಸಬೇಕೆಂದವನು ಅಪಾಯ ಹೊರಬೇಕಿತ್ತು. ಐದನೆಯದರಲ್ಲಿ ಹತ್ತಿರದ ಏಟಿನಿಂದ ಶತ್ರುವಿನ ಪ್ರಾಣಬಲ ಸೊನ್ನೆಗೆ ಬಂದ ಮೇಲೆ ‘ಎಚ್ಚರ ತಪ್ಪಿಸಿದೆ’ ಎಂದರೆ ಆಯಿತು. ಪುಕ್ಕಟೆ ಕರುಣೆ.

ಯಾವುದು ಮೊದಲು

ಈ ಇಡೀ ಇತಿಹಾಸದಲ್ಲಿ ಒಂದೇ ಒಂದು ಒಳ್ಳೆಯ ಯೋಚನೆಯನ್ನು ಆರಿಸು ಎಂದರೆ 2019ರ ಪಾತ್‌ಫೈಂಡರ್ ಎರಡನೇ ಆವೃತ್ತಿಯದನ್ನು ಆರಿಸುತ್ತೇನೆ. ಅಲ್ಲಿ ವರ್ಗದ ಹೆಸರು ಚಾಂಪಿಯನ್, ಪ್ಯಾಲಡಿನ್ ಅದರೊಳಗಿನ ಒಂದು ಬಗೆ. ಸಾಲುಗಳು ಹಳೆಯವೇ, ಆದರೆ ಅವಕ್ಕೆ ಮೇಲಿನಿಂದ ಕೆಳಗೆ ಕ್ರಮ ಇದೆ. ದೇವರಿಗೆ ವಿರುದ್ಧವಾದದ್ದನ್ನು, ಕೊಲೆ ಚಿತ್ರಹಿಂಸೆಯಂಥ ದುಷ್ಟ ಕೆಲಸವನ್ನು ಮಾಡಬಾರದು. ಅದರ ಕೆಳಗೆ, ತಿಳಿದೂ ಮುಗ್ಧರಿಗೆ ಕೇಡು ಮಾಡಬಾರದು, ತಡೆಯಬಹುದಾದ ಕೇಡು ಕಣ್ಣೆದುರು ಆಗುತ್ತಿದ್ದರೆ ಸುಮ್ಮನಿರಬಾರದು. ಅದರ ಕೆಳಗೆ ಸುಳ್ಳು, ಮೋಸ. ಅದಕ್ಕೂ ಕೆಳಗೆ ಅಧಿಕಾರಕ್ಕೆ ಗೌರವ. ಎರಡು ಸಾಲು ಡಿಕ್ಕಿ ಹೊಡೆದರೆ ಮೇಲಿನದು ಗೆಲ್ಲುತ್ತದೆ. ಎರಡನೇ ಸಾಲಿಗೆ ಬೇಲಿಯೂ ಇದೆ: ಮುಂದೆಂದೋ ಯಾರಿಗೋ ಆಗಬಹುದಾದ ಕೇಡಿಗೆ ಈಗಲೇ ಕತ್ತಿ ಎತ್ತಬೇಕಿಲ್ಲ, ಪ್ರಾಣ ಕೊಡಲೇಬೇಕೆಂದೂ ಇಲ್ಲ. ನಮ್ಮ ಗಾಬ್ಲಿನ್ ಪ್ರಸಂಗಕ್ಕೆ ಈ ಬೇಲಿಯೊಂದೇ ಸಾಕು. ‘ಬಿಟ್ಟರೆ ಮುಂದೆ ಕೊಲ್ಲಬಹುದು’ ಎಂಬ ಕಳ್ಳನ ವಾದ ಅಲ್ಲೇ ಬಿದ್ದುಹೋಗುತ್ತದೆ.

ಪುಸ್ತಕ ಕೊಡುವ ಉದಾಹರಣೆ ಹೀಗಿದೆ: ದುಷ್ಟ ರಾಜ ಬಂದು ನಿಮ್ಮ ಗುಡಿಯಲ್ಲಿ ನಿರಾಶ್ರಿತರು ಅಡಗಿದ್ದಾರೆಯೇ ಎಂದು ಕೇಳಿದರೆ ಸುಳ್ಳು ಹೇಳಬಹುದು. ಇದನ್ನು ಓದಿದ ಕನ್ನಡಿಗರಿಗೆ ಕರ್ಣಪರ್ವದ ಕೌಶಿಕ ನೆನಪಾಗದೆ ಇರುವುದಿಲ್ಲ. ಅಡಗಿದವರ ಜಾಗವನ್ನು ಕಳ್ಳರಿಗೆ ಸತ್ಯವಾಗಿ ತೋರಿಸಿ ನರಕಕ್ಕೆ ಹೋದವನು. ಕೃಷ್ಣ ಆ ಕಥೆ ಹೇಳುವ ಸಂದರ್ಭವೂ ಶಪಥದ್ದೇ. ಗಾಂಡೀವವನ್ನು ಬೇರೆಯವರಿಗೆ ಕೊಡು ಎಂದವರನ್ನು ಕೊಲ್ಲುವೆನೆಂದು ಅರ್ಜುನ ಎಂದೋ ಆಡಿದ ಮಾತಿಗೆ ಈಗ ಧರ್ಮರಾಯನ ಕುತ್ತಿಗೆ ಸಿಕ್ಕಿಹಾಕಿಕೊಂಡಿದೆ. ಕೃಷ್ಣ ಕಂಡುಕೊಳ್ಳುವ ಉಪಾಯ, ಅಣ್ಣನನ್ನು ಏಕವಚನದಲ್ಲಿ ಹೀಗಳೆ, ಹಿರಿಯನಿಗೆ ಅದು ಸಾವಿಗೆ ಸಮ. ಪಾತ್‌ಫೈಂಡರ್ ಇಲ್ಲಿ ಮೂಗು ಮುರಿಯುತ್ತದೋ ಏನೋ. ಕೆಳಗಿನ ಸಾಲನ್ನು ತಪ್ಪಿಸಲೆಂದೇ ಮೇಲಿನ ಸಾಲು ಅಡ್ಡಬರುವಂಥ ಸಂದರ್ಭ ಸೃಷ್ಟಿಸಿದರೆ ಅದೂ ಕಟ್ಟಳೆ ಮುರಿದಂತೆಯೇ ಎಂದು ಅದು ಬರೆದಿಟ್ಟಿದೆ. ಅಧಿಕಾರಿಗಳಿಗೆ ಅಗೌರವ ತೋರುವೆನೆಂದು ಮೊದಲೇ ಯಾರಿಗೋ ಮಾತು ಕೊಟ್ಟು, ಆಮೇಲೆ ‘ಮಾತು ಉಳಿಸಿಕೊಳ್ಳಬೇಕಲ್ಲ’ ಎನ್ನುವಂತಿಲ್ಲ. ಅರ್ಜುನ ಅಂಥ ಬಲೆಯನ್ನು ಬೇಕೆಂದು ಹೆಣೆದವನಲ್ಲ, ಸಿಕ್ಕಿಬಿದ್ದವನು. ಆ ವ್ಯತ್ಯಾಸ ಮೇಜಿನ ಮೇಲೂ ಕಾಣುತ್ತದೆ, ಆಟಗಾರನ ಮುಖ ನೋಡಿದರೆ ಸಾಕು.

ದೇವರಿಗೊಂದು ಕಟ್ಟಳೆ ಎಂಬುದೂ ಪಾತ್‌ಫೈಂಡರ್ ಬೆಳೆಸಿದ ಸಂಗತಿ. ಅಲ್ಲಿನ ಕುಳ್ಳರ ದೇವರು ಟೊರಾಗ್‌ನ ಪ್ಯಾಲಡಿನ್‌ಗಳು ತಮ್ಮ ಜನರ ಶತ್ರುಗಳಿಗೆ ದಯೆ ತೋರುವಂತಿಲ್ಲ. ತಂತ್ರಕ್ಕೆ ಬೇಕಾದಾಗ ಬಿಟ್ಟು ಶರಣಾಗತಿಯನ್ನೂ ಒಪ್ಪುವಂತಿಲ್ಲ. ಇದು ಲಾಫುಲ್ ಗುಡ್ ಹೇಗಾಯಿತು ಎಂದು ವರ್ಷಗಟ್ಟಲೆ ವಾದ ನಡೆದಿದೆ. ನನ್ನ ಮಟ್ಟಿಗೆ ಅದು ಒಳ್ಳೆಯ ಸಾಲು, ನೀತಿಯಾಗಿ ಅಲ್ಲ, ಆಟದ ಸಾಲಾಗಿ. ಸ್ಪಷ್ಟವಾಗಿದೆ, ಮುರಿಯಬಹುದು, ಮುರಿದಾಗ ಎಲ್ಲರಿಗೂ ಗೊತ್ತಾಗುತ್ತದೆ. 2024ರಲ್ಲಿ ಮರುರೂಪಿಸಿದ ಪುಸ್ತಕದಲ್ಲಿ ಅಲೈನ್‌ಮೆಂಟ್ ಪೂರ್ತಿ ಹೋಗಿ ನ್ಯಾಯ, ವಿಮೋಚನೆ, ಉದ್ಧಾರ ಮುಂತಾದ ಧ್ಯೇಯಗಳು ಬಂದಿವೆ.

ಕೂತು ಬರೆಯುವಾಗ

ಆಟ ಶುರುವಾಗುವ ಮೊದಲಿನ ಸೆಷನ್ ಝೀರೋದಲ್ಲಿ ಇಪ್ಪತ್ತು ನಿಮಿಷ ಪ್ಯಾಲಡಿನ್‌ನ ಕಟ್ಟಳೆ ಬರೆಯಲು ತೆಗೆದಿಡಬೇಕು. ಬರೆಯುವವನು ಆಟಗಾರ, ಪ್ರಶ್ನೆ ಕೇಳುವವರು ಡಿಎಂ. ಐದು ಸಾಲು ಸಾಕು, ಹೆಚ್ಚಾದರೆ ಯಾರಿಗೂ ನೆನಪಿರುವುದಿಲ್ಲ. ಅದರಲ್ಲಿ ಎರಡಾದರೂ ಎಣಿಸಬಹುದಾದವು ಇರಲಿ: ಪಾಲಿಗೆ ಬಂದದ್ದರಲ್ಲಿ ಹತ್ತರಲ್ಲೊಂದನ್ನು ಮುಂದಿನ ಊರಿನಲ್ಲಿ ಕೊಟ್ಟುಬಿಡುತ್ತೇನೆ, ವಿಷ ಸವರಿದ ಆಯುಧ ಮುಟ್ಟುವುದಿಲ್ಲ. ಐದನೇ ಆವೃತ್ತಿಯಲ್ಲಿ ದಾನದಿಂದ ಬಲ ಕುಗ್ಗುವ ಭಯ ಅಷ್ಟಿಲ್ಲ, ಅಲ್ಲಿ ಚಿನ್ನಕ್ಕೆ ಖರ್ಚಿನ ದಾರಿಯೇ ಕಡಿಮೆ. ‘ಸುಳ್ಳು ಹೇಳುವುದಿಲ್ಲ’ ಎಂದು ಬರೆಯಲು ಹೊರಟವನನ್ನು ತಡೆಯಿರಿ. ವೇಷ ಮರೆಸುವುದು, ಹೊಂಚು ಹಾಕುವುದು, ಕಾವಲುಗಾರನನ್ನು ಮಾತಲ್ಲಿ ಮರುಳು ಮಾಡುವುದು ತಂಡದ ದಿನನಿತ್ಯದ ಕೆಲಸ, ಪ್ರತಿ ಸಂಜೆಯೂ ಆ ಸಾಲು ಅಡ್ಡ ಬರುತ್ತದೆ. ‘ಹೆಸರು ಹೇಳಿ ಕೊಟ್ಟ ಮಾತು ಮುರಿಯುವುದಿಲ್ಲ’ ಎಂದು ಬರೆದರೆ ಅದು ಹತ್ತು ಸೆಷನ್‌ಗೊಮ್ಮೆ ಬರುತ್ತದೆ, ಬಂದಾಗ ಭಾರವಾಗಿ ಬರುತ್ತದೆ.

ಸಾಲುಗಳನ್ನು ‘ನಾನು’ ಎಂದೇ ಬರೆಯಬೇಕು. ‘ನನ್ನ ಜೊತೆಗಿರುವವರು ಕೊಲ್ಲಬಾರದು’ ಎಂದು ಬರೆದರೆ ಪ್ಯಾಲಡಿನ್ ತಂಡದ ಪೊಲೀಸ್ ಆಗುತ್ತಾನೆ. 1978ರ ಸಹವಾಸದ ನಿಯಮದ ದೋಷ ಇದೇ, ಒಬ್ಬನ ವ್ರತಕ್ಕೆ ಇಡೀ ಮೇಜು ಉಪವಾಸ ಕೂರಬೇಕಿತ್ತು. ‘ಆಯುಧ ಕೆಳಗಿಟ್ಟವನನ್ನು ನಾನು ಕೊಲ್ಲುವುದಿಲ್ಲ, ಅವನ ಹೊಣೆ ನನ್ನದು’ ಎಂದರೆ ಹೊಣೆಯೂ ಖರ್ಚೂ ಅವನವೇ. ಖರ್ಚನ್ನು ಡಿಎಂ ಬಿಡಬಾರದು. 3.5ರ ಲೆಕ್ಕದಲ್ಲಿ ಕೈಕೋಳ 15 ಚಿನ್ನ, ಬಿಡಿಸಿಕೊಳ್ಳಲು ದಾಳಕ್ಕೆ ಬೋನಸ್ ಕೂಡಿ 30, ಮುರಿಯಲು 26 ಬೀಳಬೇಕು. ದಾರಿಯ ಊಟ ದಿನಕ್ಕೆ ಐದು ಬೆಳ್ಳಿ. ಭಾರಿ ಕವಚ ತೊಟ್ಟ ಮನುಷ್ಯನ ನಡಿಗೆ ಒಂದು ಸುತ್ತಿನಲ್ಲಿ 20 ಅಡಿ, ಗಾಬ್ಲಿನ್‌ನದು 30. ಕಾಲು ಕಟ್ಟದಿದ್ದರೆ ಅದು ಓಡಿದ ಮೇಲೆ ಇವನು ಹಿಡಿಯಲಾರ. ಮೂರು ದಿನದ ದಾರಿಯಲ್ಲಿ ರಾತ್ರಿ ಕಾವಲು ಯಾರದು ಎಂಬ ಪ್ರಶ್ನೆ, ಕೊಲ್ಲಬೇಕೋ ಬೇಡವೋ ಎಂಬ ಪ್ರಶ್ನೆಗಿಂತ ಚೆನ್ನಾಗಿ ಆಟವಾಡಿಸುತ್ತದೆ.

ಡಿಎಂ ಮೊದಲೇ ಉತ್ತರಿಸಬೇಕಾದದ್ದು ಒಂದು: ಈ ಲೋಕದ ಗಾಬ್ಲಿನ್‌ಗಳು ಜನರೋ, ಮೂರ್ತಿವೆತ್ತ ಕೆಡುಕೋ? 1979ರ ‘ದ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್’ ಸಾಹಸದ ಗುಹೆಗಳಲ್ಲಿ ಹೊಡೆದಾಡದ ಹೆಂಗಸರು ಮಕ್ಕಳು ಇದ್ದಾರೆಂದು ಬರೆದಿದೆ, ಅವರನ್ನು ಏನು ಮಾಡಬೇಕೆಂದು ಬರೆದಿಲ್ಲ. ಆ ಮೌನವನ್ನು ಡಿಎಂ ಆಟದ ಮಧ್ಯೆ ತುಂಬಿದರೆ ಬಲೆ ಹಾಕಿದಂತೆ, ಮೊದಲೇ ತುಂಬಿದರೆ ಲೋಕ ಕಟ್ಟಿದಂತೆ.

ಮುರಿಯುವ ಗಳಿಗೆ ಬಂದಾಗ ಒಂದು ಸಲ ಬಾಯಿಬಿಟ್ಟು ಕೇಳಬೇಕು. “ನೋಡು, ಇದು ನೀನೇ ಬರೆದ ಎರಡನೇ ಸಾಲಿಗೆ ವಿರುದ್ಧ. ಆದರೂ ಮಾಡ್ತೀಯಾ?” ಇದು ರಿಯಾಯಿತಿಯಲ್ಲ. ವರ್ಷಗಟ್ಟಲೆ ಆ ವ್ರತದಲ್ಲಿ ಬದುಕಿದ ಪಾತ್ರಕ್ಕೆ ಅದು ಗೊತ್ತಿರುತ್ತದೆ, ಶನಿವಾರ ಸಂಜೆ ಆಫೀಸಿನಿಂದ ಸುಸ್ತಾಗಿ ಬಂದ ಆಟಗಾರನಿಗೆ ಗೊತ್ತಿರಬೇಕಿಲ್ಲ. ಮಾಡುತ್ತೇನೆ ಎಂದರೆ ಶಿಕ್ಷೆ ಆ ಕ್ಷಣಕ್ಕೆ ಬೇಡ, ಮುಂದಿನ ಮುಂಜಾವಿಗೆ. ಹೊಡೆದಾಟದ ನಡುವೆ ಶಕ್ತಿ ಕಿತ್ತರೆ ಸಾಯುವವರು ಬೇರೆಯವರು.

ಮೆಟ್ಟಿಲುಗಳು ಹೀಗಿರಬಹುದು. ಸಣ್ಣ ತಪ್ಪಿಗೆ, ಕೈ ಇಟ್ಟು ಗಾಯ ಮಾಯಿಸುವ ಶಕ್ತಿ ಇತರರಿಗೆ ಮಾತ್ರ ಕೆಲಸ ಮಾಡುತ್ತದೆ, ತನಗಲ್ಲ. ಐದನೇ ಆವೃತ್ತಿಯಲ್ಲಿ ಅದು ಲೆವೆಲ್‌ನ ಐದು ಪಟ್ಟು, ಐದನೇ ಲೆವೆಲ್‌ನವನಿಗೆ 25 ಅಂಕ. ಸ್ವಂತಕ್ಕೆ ಸಿಗದೆ ಹೋದರೆ ಗೊತ್ತಾಗುವಷ್ಟು ದೊಡ್ಡದು, ತಂಡ ಮುಳುಗುವಷ್ಟು ಅಲ್ಲ. ಜಾಗರಣೆ ಮಾಡಿ, ಕೇಡಾದವನಿಗೆ ಪರಿಹಾರ ಕೊಟ್ಟರೆ ಮರಳುತ್ತದೆ. ದೊಡ್ಡ ತಪ್ಪಿಗೆ ಸ್ಮೈಟ್ ಮತ್ತು ಚಾನೆಲ್ ಡಿವಿನಿಟಿ (ದೈವಬಲವನ್ನು ಹರಿಸುವ ಶಕ್ತಿ) ಬಂದ್, ಪಂಥದ ಹಿರಿಯರು ಹೇಳಿದ ಒಂದು ಕೆಲಸ ಮುಗಿಯುವ ತನಕ. ಆ ಕೆಲಸ ಎರಡು ಮೂರು ಸೆಷನ್‌ನೊಳಗೆ ಮುಗಿಯುವಂಥದ್ದಿರಲಿ, ತಂಡದವರಿಗೂ ಅದರಲ್ಲಿ ಪಾಲು ಇರಲಿ. ಆರನೇ ಲೆವೆಲ್‌ನಲ್ಲಿ ಬರುವ ಆರಾವನ್ನು (ಸುತ್ತಲಿನವರನ್ನು ಕಾಯುವ ಪ್ರಭೆ) ಮಾತ್ರ ಯಾವ ಮೆಟ್ಟಿಲಲ್ಲೂ ಮುಟ್ಟಬೇಡಿ. ಹತ್ತು ಅಡಿಯೊಳಗಿನ ಗೆಳೆಯರ ಸೇವಿಂಗ್ ಥ್ರೋ ಅದರ ಮೇಲೆ ನಿಂತಿದೆ, ತಪ್ಪು ಮಾಡದವರು ದಂಡ ತೆರುತ್ತಾರೆ.

ಪೂರ್ತಿ ಬೀಳುವುದು ಆಟಗಾರ ಬಯಸಿದಾಗ ಮಾತ್ರ. ಕೆಲವರು ಬಯಸುತ್ತಾರೆ, ಅದೇ ಅವರ ಕಥೆ. ಹಾಗಿದ್ದರೆ ಎರಡು ವಾರ ಮುಂಚೆ ಕೂತು ಮಾತಾಡಿ, ಬಿದ್ದ ಮೇಲಿನ ಪಾತ್ರದ ಹಾಳೆ ಮೊದಲೇ ಬರೆದಿಡಿ: ಲೆವೆಲ್‌ಗೆ ಲೆವೆಲ್ ಫೈಟರ್, ಅಥವಾ ಓತ್‌ಬ್ರೇಕರ್. ಬಿದ್ದ ಸಂಜೆಯೇ ಹೊಸ ಹಾಳೆ ಕೈಗೆ ಕೊಡಿ. 3.5ರಂತೆ ಫೀಟೂ ಇಲ್ಲದ, ಶಕ್ತಿಯೂ ಇಲ್ಲದ ಅರೆಬರೆ ಯೋಧನನ್ನು ಆರು ವಾರ ಹೊತ್ತು ತಿರುಗು ಎಂದರೆ ಆಟಗಾರ ಮೂರನೇ ವಾರಕ್ಕೆ ಹೊಸ ಮಂತ್ರವಾದಿಯೊಬ್ಬನನ್ನು ಬರೆದುಕೊಂಡು ಬರುತ್ತಾನೆ.